ಕಾಗದದ ಬೆನ್ನು

ಎಂಬತ್ತೆಂಟರಾಗ ನಾ ಗದಗಿನ ಒಂದು ಪ್ರೆಸ್ಸಿನ್ಯಾಗ
ಮೊಳಿ ಜೋಡಸ್ತಿದ್ದೆ. ಲಗ್ನಪತ್ರ, ರಸೀದಿ ಪುಸ್ತಕ,
ಪರೀಕ್ಷೆ ಹತ್ರ ಬಂದ್ರ ಗೈಡು.
ಎಲ್ಲಾ ಉಲ್ಟಾ ಓದೂದು. ಎಷ್ಟು ರೂಢಿ ಅಂದ್ರ
ಕ್ಷೌರದಂಗಡಿ ಕನ್ನಡ್ಯಾಗಿನ ಕ್ಯಾಲೆಂಡರು
ನನಗ ನೆಟ್ಟಗ ಕಾಣತಿತ್ತು.

ನೀಲಗಂಗವ್ವ ಬೆಟಗೇರಿಂದ ನಡಕೊಂತ ಬರತಿದ್ಲು,
ಸೆರಗಿನ ಗಂಟಿನ್ಯಾಗ ಮಿಲಿಟ್ರಿ ಕಾಗದ,
ಕಂಡಿಕಿ ಸುತ್ತಿದ ಬೆರಳಿಗೆ ನೂಲಿನ ಬಣ್ಣ,
ಒಂದಿನ ಕೆಂಪು, ಒಂದಿನ ಗಿಳಿಹಸರು.
"ಓದೋ ತಮ್ಮಾ. ಮಾಲಕ ಊಟಕ್ಕ ಹೋಗ್ಯಾನಲಾ."

ಫಕ್ಕೀರಪ್ಪಗ ಒತ್ತಕ್ಷರ ಬರತಿರಲಿಲ್ಲ.
ಆದ್ರ ಒತ್ತಿ ಒತ್ತಿ ಬರೀತಿದ್ದ,
ನೇಗಿಲ ಹೂಡಿದಂಗ.
"ಇಲಿ ತಾಳಿ ಗಿಡ ಬಾಳ. ಬೆಲಕ ವೆಲ ಅಂತಾರ,
ಹಲಿಲದ ಮುದುಕ ನಮ ಮಾತ ಆಡಿದಂಗ.
ಅಣತಮರು ಬದುವಿಗೆ ಬಡದಾಡಿದರ
ಬಿಡಸಾಕ ಹೋದವಗ ಎರಡೂ ಕಡೆ ಬಡಗಿ, ನೋಡು.
ಯಾವ ಅಣನ ಕಡೆ ನಾವು, ಯಾವ ತಮನ ಕಡೆ,
ಸಾಯೇಬರಿಗೂ ಗೊತಿಲ."

ಆಮ್ಯಾಲೆ ಬಂದ ಕಾಗದದಾಗ
ಏಳು ಸಾಲಿಗೆ ಕರೇ ಮಸಿ.
ಯಾವನೋ ಕುಂತು, ಸಾವಕಾಶ,
ಅಂಚು ಬಿಡದಂಗ ಬಳದಿದ್ದ.

ಮುಂದಿನ ಮಸಿ ಹಿಂದಿನ ಉಬ್ಬು ಮುಚ್ಚೂದಿಲ್ಲ.
ನಾ ಕಾಗದ ಹೊಳ್ಳಿಸಿದೆ. ಬಾಗಿಲ ಬೆಳಕಿಗೆ ಹಿಡದೆ.
ಬೆನ್ನ ಮ್ಯಾಲೆ ಅಕ್ಷರ ಎದ್ದು ನಿಂತಿದ್ದವು,
ನಮ್ಮ ಕೇಸಿನ್ಯಾಗಿನ ಮೊಳಿ ಹಂಗ, ಉಲ್ಟಾ.

"ಸಂಜಿ ಮುಂದ ಬಾವಿ ಹತರ ಏನೋ ಹೊಳೀತು.
ಬಂದೂಕ ಅನಕೊಂಡೆ.
ಹಿತಾಳಿ ಕೊಡ. ಮುದುಕಿ.
ಆಕಿ ಅಲೇ ಕುಂತಳು, ಕುಂತಾಕಿ ಏಳಲಿಲ.
ಕೊಡ ಉರುಳಿ ಉರುಳಿ ನನ ಬೂಟಿನ ತನಕ ಬಂತು.
ನೀರು ಬಿಸಿ ಇತು ಅಂತ ಅನಸತೈತಿ.
ಬಾವಿ ನೀರು ಬಿಸಿ ಹೆಂಗ ಇದೀತು?"

"ಏನಂತ?" ಅಂದ್ಲು ನೀಲಗಂಗವ್ವ.
"ಗಿರಮಿಟ್ಟಿನ ನೆನಪಾಗೇತಂತ.
ಬಂದ ಕೂಡಲೆ ನಾಕು ಪ್ಲೇಟು ತಿಂತಾನಂತ."
"ಅದಕ್ಕ್ಯಾಕ ಮಸಿ ಬಳದಾರೋ?"
ನಾ ಟ್ರೆಡಲ್ ತುಳಿಯಾಕ ಎದ್ದೆ.
ಆಕಿ ಕಾಗದ ಇಸಗೊಂಡು, ಹೊಳ್ಳಿಸಿ,
ಬೆನ್ನ ಮ್ಯಾಲೆ ಹೆಬ್ಬೆಟ್ಟು ಆಡಿಸಿದ್ಲು,
ಸೀರಿ ಹಿಂಬದಿ ಗಂಟು ನೋಡೋರಂಗ.
ಆಮ್ಯಾಲೆ ಮಡಚಿ ಗಂಟಿಗಿಟ್ಲು.

ಶೀಗಿ ಹುಣ್ಣಿವಿ ಮುಂದ ಆಕೀನ್ನ ಕಂಡೆ,
ಬಾಂಡೆ ಅಂಗಡಿ ತಕ್ಕಡ್ಯಾಗ
ಮೂರು ಹಿತ್ತಾಳಿ ಕೊಡ, ತವರಿನವು,
ತೂಕಕ್ಕ ಹಾಕಸ್ತಿದ್ಲು.
ರೊಕ್ಕದ ಅಡಚಣಿ ಇದ್ದೀತು ಅನಕೊಂಡೆ.
ಹೋಗೂ ಮುಂದ ಆಕಿ ಕಂಕುಳಾಗ
ಎರಡು ಮಣ್ಣಿನ ಕೊಡ, ಕರೇವು, ಹೊಳೀದಂಥವು.

ಫಕ್ಕೀರಪ್ಪ ಬಂದ. ಬ್ಯಾಂಕಿನ ಮುಂದ
ಕೋವಿ ಹಿಡದು ಸ್ಟೂಲಿನ ಮ್ಯಾಲೆ ಕುಂದ್ರತಿದ್ದ.
ನಾ ಒಮ್ಮಿ ಗಿರಮಿಟ್ಟ ಕೊಡಸಾಕ ಹೋದೆ.
"ನನಗ ಸೇರೂದುಲ್ರಿ ಅದು," ಅಂದ.

ಹನ್ನೆರಡು ವರ್ಷ ಆತು.
ಆಫ್‌ಸೆಟ್ ಬಂದಿತ್ತು, ಮೊಳಿ ಕಿಲೋದ ಲೆಕ್ಕ
ಹುಬ್ಬಳ್ಳಿಗೆ ಹೊಂಟಿದ್ದವು.
ನಾ ಜೋಡಿಸಿದ ಕಡೀ ಲಗ್ನಪತ್ರ ಅವರ ಮನೀದು.
ಮದುಮಗಳು ತಾನs ಬಂದಿದ್ಲು.
ಪ್ರೂಫ್ ಇನ್ನ ತಗದಿರಲಿಲ್ಲ, ಗ್ಯಾಲಿ ಮ್ಯಾಲೆ ಬಾಗಿ
"ಮುಹೂರ್ತದ ಅರ್ಕಾವತ್ತು ಬಿಟ್ಟೈತ್ರಿ," ಅಂದ್ಲು.
ಉಲ್ಟಾ ಮೊಳಿ. ಒಂದs ನದರಿಗೆ.

"ಇದು ನಿಮಗ ಹೆಂಗ ಬರತೈತಿ?"
"ನಾಕನೇತ್ತಾ ಇದ್ದಾಗ ಕಲತೇನ್ರಿ,"
ಬೆರಳಿಗೆ ಹತ್ತಿದ ಮಸಿ ವರಸಿಕೊಂತ ಅಂದ್ಲು.
"ಅವ್ವ ಕನ್ನಡಿ ಹಿಡೀತಿದ್ಲು."